ಆರು ಸಾವಿರದ ಪೊರಕೆ

ಬಹಳ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಆಫೀಸು, ರಿಲೀಸು, ಟ್ರಾಫಿಕ್ಕು... ಅವೇ ಹಳೇ ನೆಪಗಳು. ಇವತ್ತು ಬರೆಯೋಕೆ ಕೂತಿರೋದಕ್ಕೆ ಕಾರಣ ಒಂದು ವ್ಯಾಕ್ಯೂಮ್ ಕ್ಲೀನರ್. ನಗಬೇಡಿ, ವಿಷಯ ಸ್ವಲ್ಪ ಗಂಭೀರವಾಗಿಯೇ ಇದೆ.

ಕಳೆದ ಒಂದೂವರೆ ತಿಂಗಳಲ್ಲಿ ಆಫೀಸಿನ ಮೂರು ಜನ ನನ್ನನ್ನು ಒಂದೇ ಪ್ರಶ್ನೆ ಕೇಳಿದರು. "ಮನೇಲಿ ನಾಯಿ ಇದೆ, ಕೂದಲು ಸಿಕ್ಕಾಪಟ್ಟೆ, ಕಡಿಮೆ ಬೆಲೆಯ ಅಪ್‌ರೈಟ್ ವ್ಯಾಕ್ಯೂಮ್ ತಗೋಬಹುದಾ?" ಅಂತ. ನಾನೊಂದು ತಗೊಂಡಿದ್ದೀನಿ ಅನ್ನೋದು ಎಲ್ಲರಿಗೂ ಗೊತ್ತು, ಯಾಕಂದ್ರೆ ತಗೊಂಡ ದಿನ ಊರೆಲ್ಲ ಡಂಗುರ ಹೊಡೆದಿದ್ದೆ. ನನ್ನ ಉತ್ತರ ಇಷ್ಟೇ: ನಮ್ಮಂಥ ಮನೆಗಳಿಗೆ ಬೇಡ. ಆದರೆ ಹಾಗಂದರೆ ಯಾರೂ ನಂಬಲ್ಲ, "ಯಾಕೆ, ನೀನು ತಗೊಂಡಿಲ್ವಾ?" ಅಂತಾರೆ. ಅದಕ್ಕೇ ಪೂರ್ತಿ ಕತೆ.

ಮೊದಲು ನಾಯಿ. 2021ರಲ್ಲಿ, ಎಲ್ಲರೂ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಕಾಲದಲ್ಲಿ, ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಒಂದು ಲ್ಯಾಬ್ರಡಾರ್ ಮರಿ ತಂದೆ. ಕೆಲಸಕ್ಕೆ ಸೇರಿ ಎರಡನೇ ವರ್ಷ, ಕೈಯಲ್ಲಿ ಸಂಬಳ, ತಲೆಯಲ್ಲಿ ಬುದ್ಧಿ ಇಲ್ಲ. ಪಿಕ್ಸೆಲ್ ಅಂತ ಹೆಸರಿಟ್ಟೆ. ಮುಂದಿನ ವರ್ಷ ಆಫೀಸಿಗೆ ಬನ್ನಿ ಅಂದರು, ಮನೆ ಓನರ್ರೂ ಗೊಣಗಿದರು, "ಎರಡು ತಿಂಗಳು ಇಟ್ಕೊಂಡಿರಮ್ಮ" ಅಂತ ಮದ್ದೂರಿನ ನಮ್ಮ ಮನೆಯಲ್ಲಿ ಬಿಟ್ಟು ಬಂದೆ. ಆ ಎರಡು ತಿಂಗಳು ಇನ್ನೂ ಮುಗಿದಿಲ್ಲ. ಊರಿನಲ್ಲಿ ಅವನು ಪಿಕ್ಸೆಲ್ ಅಲ್ಲ, ರಾಜ. ಅಮ್ಮನ ಬಾಯಿಗೆ ಪಿಕ್ಸೆಲ್ ಬರಲಿಲ್ಲ, ಬರಲಿ ಅಂತ ಅವರು ಪ್ರಯತ್ನವನ್ನೂ ಪಡಲಿಲ್ಲ.

ನಮ್ಮದು ಹಳೇ ಮನೆ. ನಡುಮನೆ, ಅಡುಗೆಮನೆ, ಎರಡು ರೂಮು, ಎಲ್ಲಾ ಕಡೆ ರೆಡ್ ಆಕ್ಸೈಡ್ ನೆಲ. ರಾಜನದು ಕೆನೆ ಬಣ್ಣ. ಕೆಂಪು ನೆಲದ ಮೇಲೆ ಅವನ ಒಂದೊಂದು ಕೂದಲೂ ಎದ್ದು ಕಾಣುತ್ತದೆ. ಲ್ಯಾಬ್ರಡಾರ್‌ಗೆ ಎರಡು ಪದರ ಕೂದಲು. ಚಳಿ ದೇಶದ ನಾಯಿ ಅದು, ಒಳಪದರ ಚಳಿಗೆ ಬೆಳೆದು ಸೆಖೆಗೆ ಉದುರಬೇಕು. ಮದ್ದೂರಿನಲ್ಲಿ ಚಳಿ ಎಲ್ಲಿದೆ? ವರ್ಷಪೂರ್ತಿ ಉದುರುತ್ತಲೇ ಇರುತ್ತದೆ. ಸುಗ್ಗಿ ಕಾಲದಲ್ಲಿ ಕಬ್ಬಿನ ತರಗು ಸುಟ್ಟ ಬೂದಿ, ಆಲೆಮನೆ ಹೊಗೆಯ ಮಸಿ ಬೇರೆ ಗಾಳಿಯಲ್ಲಿ ತೇಲಿಕೊಂಡು ಬಂದು ಕೂರುತ್ತದೆ.

ಅಮ್ಮನಿಗೆ ಚಿಕ್ಕಂದಿನಿಂದ ಉಬ್ಬಸ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ ಅನ್ನೋ ಥರ ಇತ್ತು. ಕಳೆದ ಕಾರ್ತಿಕದಲ್ಲಿ ಒಂದು ರಾತ್ರಿ ಎದ್ದು ಕೂತವರು ಬೆಳಗಿನ ತನಕ ಮಲಗಲಿಲ್ಲವಂತೆ. ನನಗೆ ಗೊತ್ತಾಗಿದ್ದು ಮೂರು ದಿನ ಆದ ಮೇಲೆ, ಅದೂ ಅಪ್ಪ ಬೇರೇನೋ ಹೇಳುವಾಗ ಬಾಯ್ತಪ್ಪಿ ಅಂದದ್ದರಿಂದ. ಡಾಕ್ಟರು ನೋಡಿ, "ನಾಯಿ ಮನೆಯೊಳಗೆ ಬೇಡ, ಆದರೆ ಯಾರಿಗಾದರೂ ಕೊಟ್ಟುಬಿಡಿ" ಅಂದರಂತೆ. ಅಮ್ಮ ಮನೆಗೆ ಬಂದು ಹೇಳಿದ್ದು:

"ಅದೆಲ್ಲಿಗ್ ಹೋಯ್ತದೆ? ಮೂಕ್ ಪ್ರಾಣಿ. ನಂಗೇನ್ ಇವತ್ತ್ ಬಂದದ್ದಾ ಉಬ್ಸ?"

ಈಗ ನೀವೇ ಹೇಳಿ. ನಾಯಿ ನನ್ನದು, ಕೂದಲು ಗುಡಿಸುವವರು ಅಮ್ಮ, ಉಬ್ಬಸ ಅಮ್ಮನದು. ನಾನು ಎಂಬತ್ತು ಕಿಲೋಮೀಟರ್ ದೂರದಲ್ಲಿ ಕೂತು ಏನು ಮಾಡಬಹುದು? ಸಾಫ್ಟ್‌ವೇರ್‌ನವರೆಲ್ಲ ಮಾಡೋದನ್ನೇ ಮಾಡಿದೆ. ಆನ್‌ಲೈನಿನಲ್ಲಿ ಒಂದು ವಸ್ತು ಕೊಂಡೆ.

ಅಪ್‌ರೈಟ್ ಯಾಕೆ ಅಂದ್ರೆ, 2023ರಲ್ಲಿ ಆಫೀಸಿನ ಕೆಲಸದ ಮೇಲೆ ಮೂರು ತಿಂಗಳು ನ್ಯೂಜೆರ್ಸಿಯಲ್ಲಿದ್ದೆ. ಎಡಿಸನ್ನಿನಲ್ಲಿ ದೊಡ್ಡಮ್ಮನ ಮಗಳ ಮನೆ. ಅಕ್ಕನ ಮನೆಯಲ್ಲೂ ನಾಯಿ ಇದೆ, ಗೋಡೆಯಿಂದ ಗೋಡೆಗೆ ಕಾರ್ಪೆಟ್ಟು ಇದೆ. ಅಕ್ಕ ಶನಿವಾರ ಬೆಳಿಗ್ಗೆ ಒಂದು ಅಪ್‌ರೈಟ್ ತಗೊಂಡು, ಹುಲ್ಲು ಕತ್ತರಿಸುವ ಯಂತ್ರ ತಳ್ಳಿದ ಹಾಗೆ ತಳ್ಳಿಕೊಂಡು ಹೋದರೆ, ಡಬ್ಬಿ ತುಂಬ ಕೂದಲು! ನೋಡಿ ದಂಗಾಗಿದ್ದೆ. ಬರುವಾಗ ಅದನ್ನೇ ಒಂದು ತರೋಣ ಅಂದುಕೊಂಡೆ, ಆದರೆ ಅಲ್ಲಿನದು 120 ವೋಲ್ಟು, ನಮ್ಮದು 230. ನಡುವೆ ಹಾಕಬೇಕಾದ ಟ್ರಾನ್ಸ್‌ಫಾರ್ಮರ್ ಯಂತ್ರಕ್ಕಿಂತ ಭಾರ. ಬಿಟ್ಟೆ. ಆಸೆ ಮಾತ್ರ ಬಿಡಲಿಲ್ಲ.

ಈ ಅಪ್‌ರೈಟ್ ಹುಟ್ಟಿದ ಕತೆ ಚೆನ್ನಾಗಿದೆ, ಹೇಳಲೇಬೇಕು. ಅಮೆರಿಕದ ಒಹಾಯೋ ರಾಜ್ಯದ ಕ್ಯಾಂಟನ್ ಅನ್ನೋ ಊರಿನಲ್ಲಿ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಅಂತ ಒಬ್ಬ. ಅಂಗಡಿಯೊಂದರಲ್ಲಿ ರಾತ್ರಿ ಕಸ ಗುಡಿಸುವ ಕೆಲಸ. ಅವನಿಗೂ ಉಬ್ಬಸ! ಕಾರ್ಪೆಟ್ ಗುಡಿಸಿದಾಗ ಏಳುವ ಧೂಳಿನಿಂದ ಕೆಮ್ಮಿ ಕೆಮ್ಮಿ ಸಾಕಾಗಿ, 1907ರಲ್ಲಿ ಒಂದು ಫ್ಯಾನಿನ ಮೋಟರು, ಒಂದು ಪೆಟ್ಟಿಗೆ, ಒಂದು ಪೊರಕೆಯ ಹಿಡಿ, ಧೂಳು ಹಿಡಿಯೋಕೆ ಒಂದು ದಿಂಬಿನ ಗವಸು ಸೇರಿಸಿ ಯಂತ್ರ ಕಟ್ಟಿದ. 1908ರಲ್ಲಿ ಪೇಟೆಂಟ್ ಸಿಕ್ಕಿತು, ಅದನ್ನು ಹೂವರ್ ಅನ್ನುವವರು ಕೊಂಡುಕೊಂಡರು. ಮುಂದೆ ಇಂಗ್ಲೆಂಡಿನಲ್ಲಿ ಆ ಹೆಸರೇ ಕ್ರಿಯಾಪದ ಆಗಿಹೋಯಿತು. ಅದಕ್ಕೂ ಮುಂಚೆ 1901ರಲ್ಲೇ ಲಂಡನ್ನಿನ ಹ್ಯೂಬರ್ಟ್ ಸೆಸಿಲ್ ಬೂತ್ ವ್ಯಾಕ್ಯೂಮ್ ಕ್ಲೀನರ್ ಮಾಡಿದ್ದ, ಆದರೆ ಅದು ಕುದುರೆ ಗಾಡಿಯ ಮೇಲೆ ಬಂದು ಮನೆ ಮುಂದೆ ನಿಲ್ಲಬೇಕಿತ್ತು.

ಉಬ್ಬಸದ ಮನುಷ್ಯ ಉಬ್ಬಸಕ್ಕಾಗಿಯೇ ಮಾಡಿದ ಯಂತ್ರ ಅಂತ ಓದಿದ ಮೇಲೆ ನನಗೆ ಬೇರೆ ಏನೂ ಕಾಣಲಿಲ್ಲ. ಆರು ಸಾವಿರದೊಳಗೆ ಒಂದು ಸಿಕ್ಕಿತು. ಉದ್ದ ಹಿಡಿ, ಕೆಳಗೆ ತಿರುಗುವ ಬ್ರಷ್ಷು, ಪಾರದರ್ಶಕ ಡಬ್ಬಿ, ಪೆಟ್ಟಿಗೆ ಮೇಲೆ ನಗುತ್ತಿರುವ ನಾಯಿಯ ಫೋಟೋ. ಆರ್ಡರ್ ಮಾಡುವಾಗ ಒಂದು ವಿಷಯ ಗಮನಿಸಲಿಲ್ಲ. ಸ್ಪ್ಯಾಂಗ್ಲರ್ ಗುಡಿಸುತ್ತಿದ್ದದ್ದು ಕಾರ್ಪೆಟ್ಟು.

ಇರಲಿ. ಯಂತ್ರ ಬಂತು, ನಾನೂ ಊರಿಗೆ ಹೋದೆ. ಸರಿಯಾಗಿ ಪರೀಕ್ಷೆ ಮಾಡಬೇಕು ಅಂತ ಅಡುಗೆಮನೆಯ ತೂಕದ ಯಂತ್ರವನ್ನೂ ಬೆಂಗಳೂರಿಂದ ಒಯ್ದಿದ್ದೆ (ಅಪ್ಪ ಅದನ್ನು ನೋಡಿ, "ಚಿನ್ನ ತೂಗ್ತೀಯೇನ್ಲಾ?" ಅಂದರು). ರಾಜನನ್ನು ಬಾಚಿ ಐದೈದು ಗ್ರಾಂ ಕೂದಲಿನ ಗುಡ್ಡೆ ಮಾಡಿಕೊಂಡೆ. ಒಂದು ಗುಡ್ಡೆ ಜಮಖಾನದ ಮೇಲೆ ಉದುರಿಸಿ ಕಾಲಿನಿಂದ ತುಳಿದೆ, ಒಂದು ಬರಿ ನೆಲದ ಮೇಲೆ, ಒಂದು ಸೋಫಾ ಮೇಲೆ. ಜೊತೆಗೆ ಒಂದು ಹಿಡಿ ರಾಗಿ, ಒಂದು ಚಮಚ ರಾಗಿ ಹಿಟ್ಟು.

ಜಮಖಾನದ ಮೇಲೆ ಯಂತ್ರ ನಿಜಕ್ಕೂ ಚೆನ್ನಾಗಿ ಕೆಲಸ ಮಾಡಿತು. ತೂಗಿದರೆ ಡಬ್ಬಿಯಲ್ಲಿ ನಾಲ್ಕು ಗ್ರಾಂ. ಉಳಿದದ್ದು ಬ್ರಷ್ಷಿಗೆ ಸುತ್ತಿಕೊಂಡಿತ್ತು, ಕತ್ತರಿಯಲ್ಲಿ ಕತ್ತರಿಸಿ ತೆಗೆಯಬೇಕಾಯ್ತು. ಒಂದೇ ತೊಂದರೆ ಅಂದ್ರೆ ಜಮಖಾನವನ್ನು ಒಬ್ಬರು ತುಳಿದು ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ಅದನ್ನೂ ನುಂಗೋಕೆ ಹೋಗುತ್ತದೆ. ಕಾರ್ಪೆಟ್ಟನ್ನು ನೆಲಕ್ಕೆ ಅಂಟಿಸಿರುತ್ತಾರೆ, ಜಮಖಾನವನ್ನು ಯಾರು ಅಂಟಿಸುತ್ತಾರೆ?

ನೆಲದ ಮೇಲೆ ಮಾನ ಹೋಯ್ತು. ಆ ತಿರುಗುವ ಬ್ರಷ್ಷು ಇರೋದೇ ಕಾರ್ಪೆಟ್ಟಿನ ನೂಲನ್ನು ಬಡಿದು ಒಳಗಿನ ಕೊಳೆಯನ್ನು ಮೇಲೆಬ್ಬಿಸೋಕೆ. ನುಣುಪು ನೆಲದಲ್ಲಿ ಬಡಿಯೋಕೆ ಏನೂ ಇಲ್ಲ. ಹಾಗಾಗಿ ಅದು ರಾಗಿ ಕಾಳನ್ನು ಹಿಂದಕ್ಕೆ ಎರಚಿತು. ಗೋಡೆಗೆ ಹೊಡೆದು ಟಪಟಪ ಶಬ್ದ. ಕೂದಲು ಅದರ ಗಾಳಿಗೇ ಮುಂದೆ ಮುಂದೆ ಓಡಿ ಮೂಲೆಗೆ ಹೋಗಿ ಕೂತಿತು. ಹೊಸ್ತಿಲ ಸಂದು, ಮಂಚದ ಕೆಳಗೆ, ಬೀರುವಿನ ಹಿಂದೆ ಅದರ ತಲೆಯೇ ಹೋಗುವುದಿಲ್ಲ. ನನ್ನದರಲ್ಲಿ ಬ್ರಷ್ ನಿಲ್ಲಿಸುವ ಗುಂಡಿ ಇಲ್ಲ. ಸ್ವಲ್ಪ ದುಬಾರಿಯವುಗಳಲ್ಲಿ ಇರುತ್ತದೆ, ಕೊಳ್ಳುವಾಗ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದೇ ಅದು.

ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ರಾಜ ಹಿತ್ತಲಿಗೆ ಓಡಿಹೋಗಿ ಅಲ್ಲಿಂದಲೇ ಬೊಗಳುತ್ತಿದ್ದ.

"ನಿನ್ ನಾಯ್ಗಿಂತ ನಿನ್ ಮಿಸಿನ್ನೇ ಜಾಸ್ತಿ ಬೊಗುಳ್ತದೆ ಕಣ್ಲಾ" ಅಂದು, ಪರಕೆ ತಗೊಂಡು, ನಾನು ಚೆಲ್ಲಿದ ರಾಗಿಯನ್ನೆಲ್ಲ ಎರಡು ನಿಮಿಷದಲ್ಲಿ ಗುಡಿಸಿಟ್ಟರು. ಎರಡು ನಿಮಿಷ ಗುಡಿಸಿ ಐದು ನಿಮಿಷ ಕೆಮ್ಮಿದರು. ನನ್ನ ವಾದವೂ ಅಲ್ಲೇ ಇದೆ, ಅವರ ವಾದವೂ ಅಲ್ಲೇ ಇದೆ.

ಈಗ ಸ್ವಲ್ಪ ಪೆಟ್ಟಿಗೆ ಮೇಲಿನ ಅಂಕಿಗಳ ಬಗ್ಗೆ. ನಮ್ಮಲ್ಲಿ ವ್ಯಾಟ್ ಜಾಸ್ತಿ ಇದ್ದರೆ ಶಕ್ತಿ ಜಾಸ್ತಿ ಅನ್ನೋ ನಂಬಿಕೆ. ವ್ಯಾಟ್ ಅನ್ನೋದು ಯಂತ್ರ ತಿನ್ನುವ ಕರೆಂಟಿನ ಲೆಕ್ಕ, ಮಾಡುವ ಕೆಲಸದ್ದಲ್ಲ. ಐರೋಪ್ಯ ಒಕ್ಕೂಟದವರು 2014ರಲ್ಲಿ 1600 ವ್ಯಾಟಿಗಿಂತ ಹೆಚ್ಚಿನವನ್ನೂ, 2017ರಲ್ಲಿ 900ಕ್ಕಿಂತ ಹೆಚ್ಚಿನವನ್ನೂ ಮಾರುವಂತಿಲ್ಲ ಅಂದರು. ಅಲ್ಲಿನ ಮನೆಗಳೇನೂ ಕೊಳೆಯಾಗಲಿಲ್ಲ. ಇನ್ನು ಕಿಲೋಪಾಸ್ಕಲ್ಲು. ಸಕ್ಷನ್ ಇಷ್ಟು ಅಂತ ದಪ್ಪಕ್ಷರದಲ್ಲಿ ಹಾಕಿರುತ್ತಾರಲ್ಲ, ಅದನ್ನು ಸಾಮಾನ್ಯವಾಗಿ ಅಳೆಯೋದು ಬಾಯಿಯನ್ನು ಪೂರ್ತಿ ಮುಚ್ಚಿ. ಆಗ ಗಾಳಿ ಹರಿಯುವುದೇ ಇಲ್ಲ. ಗಾಳಿ ಹರಿಯದಿದ್ದರೆ ಒಂದು ಕೂದಲೂ ಮೇಲೇಳುವುದಿಲ್ಲ. ಕೆಲಸ ಆಗೋದು ಎಳೆತ ಮತ್ತು ಹರಿವು ಎರಡೂ ಇದ್ದಾಗ, ಎರಡರ ಗುಣಲಬ್ಧಕ್ಕೇ ಏರ್‌ವ್ಯಾಟ್ ಅನ್ನುತ್ತಾರೆ. ಅಗ್ಗದ ಯಂತ್ರದ ಪೆಟ್ಟಿಗೆ ಮೇಲೆ ಆ ಒಂದು ಅಂಕಿ ಬಿಟ್ಟು ಮಿಕ್ಕಿದ್ದೆಲ್ಲ ಇತ್ತು.

ಇನ್ನೊಂದು ತಮಾಷೆ. ಯುರೋಪಿನಲ್ಲಿ ವ್ಯಾಕ್ಯೂಮ್ ಕ್ಲೀನರ್‌ಗಳಿಗೆ ಸ್ಟಾರ್ ರೇಟಿಂಗಿನಂಥ ಲೇಬಲ್ ಹಚ್ಚುತ್ತಿದ್ದರು. ಅದರ ಪರೀಕ್ಷೆಯನ್ನು ಖಾಲಿ ಚೀಲ ಹಾಕಿ ಮಾಡುತ್ತಿದ್ದರು. ಡೈಸನ್ ಕಂಪನಿಯವರು ಕೋರ್ಟಿಗೆ ಹೋದರು, ಖಾಲಿ ಇದ್ದಾಗ ಪರೀಕ್ಷೆ ಮಾಡಿದರೆ ನಿಜ ಬಳಕೆ ಗೊತ್ತಾಗಲ್ಲ ಅಂತ. 2018ರಲ್ಲಿ ಕೋರ್ಟು ಹೌದು ಅಂದು ಆ ನಿಯಮವನ್ನೇ ರದ್ದು ಮಾಡಿತು. ನನ್ನ ಯಂತ್ರದ ಕತೆಯೂ ಅದೇ. ಮೊದಲ ಹತ್ತು ನಿಮಿಷ ಹುಲಿ. ಆಮೇಲೆ ನಮ್ಮೂರಿನ ನುಣ್ಣನೆ ಧೂಳು ಫಿಲ್ಟರಿಗೆ ಮೆತ್ತಿಕೊಂಡು, ಶಬ್ದ ಏರುತ್ತದೆ, ಎಳೆತ ಇಳಿಯುತ್ತದೆ. ಚಮಚ ರಾಗಿ ಹಿಟ್ಟಿನ ಪರೀಕ್ಷೆಯಲ್ಲೇ ಇದು ಗೊತ್ತಾಗಿಹೋಯ್ತು. ಹಿಟ್ಟು ಒಳಗೆ ಹೋಯಿತು, ಅದರ ವಾಸನೆ ಹಿಂದಿನಿಂದ ಹೊರಗೆ ಬಂತು. ವಾಸನೆಯೊಂದೇ ಬಂತೋ ಹಿಟ್ಟೂ ಬಂತೋ ಅಂತ ಕಪ್ಪು ಬಟ್ಟೆ ಹಿಡಿದು ನೋಡಿದೆ. ಬಟ್ಟೆ ಮಾಸಲಾಯಿತು.

ಉಬ್ಬಸದ ಮನೆಗೆ ಮುಖ್ಯವಾದದ್ದು ಇದೇ, ಮಿಕ್ಕಿದ್ದೆಲ್ಲ ಆಮೇಲೆ. ನಾವು ಕೂದಲು ಕೂದಲು ಅಂತ ಬಡಿದುಕೊಳ್ಳುತ್ತೇವೆ, ಕಣ್ಣಿಗೆ ಕಾಣೋದು ಅದೊಂದೇ ಆದ್ದರಿಂದ. ಅಲರ್ಜಿ ತರೋದು ಕೂದಲಲ್ಲ. ನಾಯಿಯ ಜೊಲ್ಲಿನಲ್ಲಿ, ಚರ್ಮದ ಹೊಟ್ಟಿನಲ್ಲಿ ಇರುವ ಪ್ರೋಟೀನು. ನಾಯಿಯದ್ದಕ್ಕೆ ಕ್ಯಾನ್ ಎಫ್ 1 ಅಂತಲೂ ಬೆಕ್ಕಿನದಕ್ಕೆ ಫೆಲ್ ಡಿ 1 ಅಂತಲೂ ಹೆಸರು. ಕೂದಲು ಅದನ್ನು ಹೊರುವ ಗಾಡಿ ಅಷ್ಟೆ. ಅದಕ್ಕೇ ಗಿಡ್ಡ ಕೂದಲಿನ ನಾಯಿ ಸಾಕಿದರೆ ಅಲರ್ಜಿ ಆಗಲ್ಲ ಅನ್ನೋದು ಸುಳ್ಳು. ನಮ್ಮ ಮುಧೋಳದ ನಾಯಿಗೆ (2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ಕುಲ ಅದು) ಕೂದಲು ಮೈಗೆ ಅಂಟಿದ ಹಾಗಿರುತ್ತದೆ, ನೆಲ ಚೊಕ್ಕವಾಗಿರುತ್ತದೆ ನಿಜ, ಆದರೆ ಜೊಲ್ಲು, ಹೊಟ್ಟು ಅದಕ್ಕೂ ಇದೆ. ಈ ಪ್ರೋಟೀನಿನ ಕಣಗಳಲ್ಲಿ ಬಹಳಷ್ಟು ಎಷ್ಟು ಸಣ್ಣವು ಅಂದರೆ ಒಂದು ಸಲ ಎದ್ದರೆ ಗಂಟೆಗಟ್ಟಲೆ ಗಾಳಿಯಲ್ಲೇ ಇರುತ್ತವೆ. ಬೆಕ್ಕನ್ನು ಮನೆಯಿಂದ ಕಳಿಸಿದ ಮೇಲೂ ಅದರ ಅಲರ್ಜನ್ ತಿಂಗಳುಗಟ್ಟಲೆ ಉಳಿಯುತ್ತದಂತೆ.

ಈಗ ಯೋಚನೆ ಮಾಡಿ. ಅಗ್ಗದ ಯಂತ್ರವೊಂದು ಕೂದಲನ್ನು ಡಬ್ಬಿಯಲ್ಲಿ ಉಳಿಸಿಕೊಂಡು, ಆ ಸಣ್ಣ ಕಣಗಳನ್ನು ಹಿಂದಿನಿಂದ ರಭಸವಾಗಿ ಊದಿದರೆ? ನೆಲ ಚೊಕ್ಕ, ಗಾಳಿ ಮೊದಲಿಗಿಂತ ಕೊಳಕು. ಅಮ್ಮನ ಪೊರಕೆಯೂ ಧೂಳೆಬ್ಬಿಸುತ್ತದೆ, ಆದರೆ ಅದಕ್ಕೆ ಮೋಟರಿಲ್ಲ! ಹೆಪಾ ಫಿಲ್ಟರ್ ಅಂತ ನಿಜವಾಗಿ ಕರೆಯಬೇಕಾದರೆ, ಅಮೆರಿಕದ ಮಾನದಂಡದಂತೆ 0.3 ಮೈಕ್ರಾನಿನ ಕಣಗಳಲ್ಲಿ ನೂರಕ್ಕೆ 99.97 ಭಾಗ ಹಿಡಿಯಬೇಕು. ನನ್ನ ಪೆಟ್ಟಿಗೆ ಮೇಲೆ ಇದ್ದದ್ದು "ಹೆಪಾ ಮಾದರಿಯ" ಅಂತ. ಮಾದರಿಯ ಅನ್ನೋ ಪದಕ್ಕೆ ಯಾವ ಮಾನದಂಡವೂ ಇಲ್ಲ. ಇನ್ನು ಫಿಲ್ಟರ್ ಅಸಲಿಯೇ ಇದ್ದರೂ ಸುತ್ತಲಿನ ರಬ್ಬರು ಸಡಿಲ ಇದ್ದರೆ ಗಾಳಿ ಫಿಲ್ಟರನ್ನು ಬಳಸಿಕೊಂಡು ಹೋಗಿಬಿಡುತ್ತದೆ. ಕೊನೆಗೆ ಡಬ್ಬಿ ಖಾಲಿ ಮಾಡುವಾಗ ಒಂದು ಮೋಡವೇ ಏಳುತ್ತದೆ. ಚೀಲ ಇಲ್ಲದ ಯಂತ್ರ ಅಂದರೆ ಚೀಲದ ಖರ್ಚಿಲ್ಲ ಅಂತ ಖುಷಿಪಡುತ್ತೇವೆ. ಉಬ್ಬಸ ಇರುವವರ ಮನೆಗೆ ಚೀಲ ಇರೋದೇ ಒಳ್ಳೆಯದು ಅನ್ನೋದು ನನ್ನ ಈಗಿನ ಅಭಿಪ್ರಾಯ. ಕಟ್ಟಿ ಬಿಸಾಕಿದರಾಯ್ತು.

ಕರೆಂಟಿನ ವಿಷಯ ಬಿಡೋಣ ಅಂದ್ರೆ ಅಪ್ಪ ಬಿಡಲ್ಲ. 2023ರಲ್ಲಿ ಗೃಹಜ್ಯೋತಿ ಬಂದಾಗಿನಿಂದ ಅವರು ಮೀಟರ್ ನೋಡೋದೇ ಒಂದು ಹವ್ಯಾಸ. ನಮ್ಮ ಹಿಂದಿನ ಸರಾಸರಿ ಮೇಲೆ ಹತ್ತು ಪರ್ಸೆಂಟು ತನಕ ತಾನೆ ಮಾಫಿ? "ಈ ಮಿಸಿನ್ ಹಾಕುದ್ರೆ ಬಿಲ್ ಬತ್ತದೆ" ಅಂತ ಅವರ ಆತಂಕ. ಲೆಕ್ಕ ಹಾಕಿ ತೋರಿಸಿದೆ: 600 ವ್ಯಾಟು, ದಿನಕ್ಕೆ 20 ನಿಮಿಷ ಅಂದರೆ 0.2 ಯೂನಿಟ್, ತಿಂಗಳಿಗೆ 6 ಯೂನಿಟ್. ಒಪ್ಪಲಿಲ್ಲ. ಕರೆಂಟು ಹೋದಾಗ ಇನ್ವರ್ಟರಿನಲ್ಲಿ ಹಾಕೋಕೆ ಹೋಗಿ ಅದು ಕೀ ಅಂತ ಕಿರುಚಿ ಆಫ್ ಆದ ಮೇಲಂತೂ ನನ್ನ ಮಾತಿಗೆ ಬೆಲೆಯೇ ಇಲ್ಲ :-)

ಹಾಗಾದರೆ ವ್ಯಾಕ್ಯೂಮೇ ಬೇಡವಾ? ಹಾಗೆ ಹೇಳುತ್ತಿಲ್ಲ. 1982ರಲ್ಲಿ ಯುರೇಕಾ ಫೋರ್ಬ್ಸ್‌ನವರು ಶುರುಮಾಡಿದ ಮನೆಮನೆ ಮಾರಾಟ ನೆನಪಿರುವವರಿಗೆ ಗೊತ್ತು, ಟೈ ಕಟ್ಟಿಕೊಂಡು ಬಂದವರು ತೋರಿಸುತ್ತಿದ್ದದ್ದು ನೆಲವನ್ನಲ್ಲ, ಹಾಸಿಗೆ, ಸೋಫಾ, ಪರದೆಗಳನ್ನು. ಅವರಿಗೆ ನಮ್ಮ ಮನೆಗಳು ನನಗಿಂತ ಚೆನ್ನಾಗಿ ಗೊತ್ತಿದ್ದವು. ನೆಲಕ್ಕೆ ನಮ್ಮ ಹತ್ತಿರ ಆಗಲೇ ಒಳ್ಳೆಯ ಉಪಾಯ ಇದೆ: ಒದ್ದೆ ಬಟ್ಟೆ. ಒಣ ಪೊರಕೆ ಹಾಕುವ ಬದಲು ಒದ್ದೆ ಮಾಪಿನಲ್ಲಿ ಕೂದಲನ್ನು ಎಳೆದು ತೆಗೆದರೆ ಧೂಳು ಏಳುವುದೇ ಇಲ್ಲ. ಒಗೆಯಲಾಗದ್ದು ಅಂದರೆ ಹತ್ತಿ ಹಾಸಿಗೆ, ಸೋಫಾ, ದಿವಾನ. ಅದಕ್ಕೆ ಉದ್ದ ಪೈಪಿನ, ಚೀಲ ಇರುವ, ನೆಲದ ಮೇಲೆ ಎಳೆದಾಡುವ ಸಾಧಾರಣ ವ್ಯಾಕ್ಯೂಮ್ ಸಾಕು. ನಿಮ್ಮದು ಕಾರ್ಪೆಟ್ ಮನೆಯಾದರೆ ಅಪ್‌ರೈಟ್ ತಗೊಳ್ಳಿ. ಅಕ್ಕನ ಮನೆಯಲ್ಲಿ ನನ್ನ ಕಣ್ಣಾರೆ ಕಂಡಿದ್ದೇನೆ. ಬಸವನಗುಡಿಯ ಮೊಸಾಯಿಕ್ಕು, ವೈಟ್‌ಫೀಲ್ಡಿನ ಟೈಲ್ಸು, ಮದ್ದೂರಿನ ರೆಡ್ ಆಕ್ಸೈಡು, ಯಾವುದೇ ಇರಲಿ, ಆ ದುಡ್ಡು ಬೇರೆ ಕಡೆ ಹಾಕಿ.

ಎಲ್ಲಿ ಹಾಕಬೇಕು ಅಂದ್ರೆ, ನಮ್ಮ ಮನೆಯಲ್ಲಿ ಕೊನೆಗೆ ಆದದ್ದು ಹೇಳುತ್ತೇನೆ. ಇನ್ನೂರೈವತ್ತು ರೂಪಾಯಿಯ ಬಾಚಣಿಗೆ ತಂದೆವು. ಅಪ್ಪ ದಿನಾ ಸಂಜೆ ರಾಜನನ್ನು ಹಿತ್ತಲ ತೆಂಗಿನ ಮರದ ಕೆಳಗೆ ಕೂರಿಸಿಕೊಂಡು ಬಾಚುತ್ತಾರೆ. ಉದುರಬೇಕಾದ ಕೂದಲು ಮನೆಯೊಳಗೆ ಬರುವ ಮುಂಚೆಯೇ ಅಲ್ಲೇ ಉದುರುತ್ತದೆ. ಅಮ್ಮನ ರೂಮಿಗೆ ರಾಜನಿಗೆ ಪ್ರವೇಶ ಇಲ್ಲ, ಬಾಗಿಲು ಹಾಕಿರುತ್ತೆ, ಅವನು ಜಗುಲಿಯಲ್ಲಿ ಮಲಗುತ್ತಾನೆ. ಮೊದಲ ವಾರ ಅವನೂ ಅತ್ತ, ಅಮ್ಮನೂ ಅತ್ತರು. ಇನ್ನು ಡಾಕ್ಟರು ಕೊಟ್ಟ ಇನ್‌ಹೇಲರ್. "ಅದು ಚಟ ಆಯ್ತದೆ" ಅಂತ ಅಮ್ಮ ಬೀರುವಿನಲ್ಲಿಟ್ಟಿದ್ದರು. ಅದು ಚಟ ಅಲ್ಲ, ಮೈಕ್ರೋಗ್ರಾಂ ಲೆಕ್ಕದ ಔಷಧಿ ನೇರ ಶ್ವಾಸಕೋಶಕ್ಕೇ ಹೋಗುತ್ತದೆ ಅಂತ ಅದೇ ಡಾಕ್ಟರ ಬಾಯಲ್ಲೇ ಇನ್ನೊಮ್ಮೆ ಹೇಳಿಸಿದ ಮೇಲೆ ದಿನಾ ತಗೊಳ್ಳುತ್ತಿದ್ದಾರೆ. ಮಾಪೂ ಬಂತು.

ಉಬ್ಬಸ ಕಡಿಮೆ ಆಗಿದೆ. ರಾತ್ರಿ ಎದ್ದು ಕೂತದ್ದು ಮತ್ತೆ ಆಗಿಲ್ಲ, ಅಥವಾ ಆಗಿದ್ದರೂ ಈಗ ಅಪ್ಪ ಅದೇ ದಿನ ಹೇಳುತ್ತೇನೆ ಅಂದಿದ್ದಾರೆ. ಇದರಲ್ಲಿ ಯಾವುದರಿಂದ ಕಡಿಮೆ ಆಯ್ತು ಅಂತ ಕೇಳಬೇಡಿ. ಒಂದೇ ಸಲ ನಾಲ್ಕು ಬದಲಾವಣೆ ಮಾಡಿ ಬಗ್ ಹೋಯ್ತು ಅಂದರೆ ಆಫೀಸಿನಲ್ಲಿ ನನ್ನ ಲೀಡ್ ಬೈಯುತ್ತಾರೆ. ನನ್ನ ಅನುಮಾನ, ಹೆಚ್ಚಿನ ಪಾಲು ಇನ್‌ಹೇಲರಿನದ್ದೇ.

ಒಂದು ಮಾತು ಹೇಳಿಕೊಳ್ಳಲೇಬೇಕು. ಆ ಯಂತ್ರ ತಂದದ್ದು ಅಮ್ಮನಿಗೆ ಅನುಕೂಲ ಆಗಲಿ ಅಂತ ಅಂದುಕೊಂಡಿದ್ದೆ. ಆದರೆ ಅದು ಬಂದ ಮೇಲೆ ಅಮ್ಮನಿಗೆ ಆದದ್ದೇನು? ಗುಡಿಸುವ ಕೆಲಸ ಹೋಗಲಿಲ್ಲ, ಜೊತೆಗೆ ಬ್ರಷ್ಷಿನ ಕೂದಲು ಬಿಡಿಸುವುದು, ಫಿಲ್ಟರ್ ತೊಳೆದು ಒಣಗಿಸುವುದು ಸೇರಿಕೊಂಡಿತು. ಎರಡನೇ ವಾರ ಫೋನಿನಲ್ಲಿ, "ಮಿಸಿನ್ ಉಪಯೋಗಿಸ್ತಿದ್ದೀಯಾ?" ಅಂತ ದಬಾಯಿಸಿ ಕೇಳಿದೆ. "ಊಂ, ದಿನಾ" ಅಂದರು. ಹೋಗಿ ನೋಡಿದರೆ ಪೆಟ್ಟಿಗೆಗೆ ಹಾಕಿ ಅಟ್ಟದ ಮೇಲಿಟ್ಟಿದ್ದರು. ನನಗೆ ಬೇಜಾರಾಗಬಾರದು ಅಂತ ಸುಳ್ಳು ಹೇಳಿದ್ದರು. ಆ ಸುಳ್ಳು ಕೇಳಿಸಿಕೊಂಡದ್ದು ಆರು ಸಾವಿರ ಹೋದದ್ದಕ್ಕಿಂತ ಜಾಸ್ತಿ ಚುಚ್ಚಿತು.

ಈಗ ಹದಿನೈದು ದಿನಕ್ಕೊಮ್ಮೆ ಊರಿಗೆ ಹೋದಾಗ ಅಟ್ಟದಿಂದ ನಾನೇ ಇಳಿಸುತ್ತೇನೆ. ಅಮ್ಮನನ್ನು ಪಕ್ಕದ ಮನೆಗೆ ಕಳಿಸಿ, ಕಿಟಕಿ ಬಾಗಿಲು ತೆಗೆದು, ಮೂಗಿಗೆ ಮಾಸ್ಕ್ ಹಾಕಿಕೊಂಡು ಜಮಖಾನ, ಸೋಫಾ, ಹಾಸಿಗೆ ಎಲ್ಲ ಎಳೆಯುತ್ತೇನೆ. ಅಪ್ಪ ಜಮಖಾನ ತುಳಿದು ಹಿಡಿದುಕೊಳ್ಳುತ್ತಾರೆ. ಡಬ್ಬಿಯನ್ನು ಹಿತ್ತಲಲ್ಲಿ ಗಾಳಿಗೆ ಬೆನ್ನು ಮಾಡಿ ನಾನೇ ಖಾಲಿ ಮಾಡುತ್ತೇನೆ. ರಾಜನನ್ನು ಬೆಂಗಳೂರಿಗೆ ಕರೆದುಕೊಂಡು ಬರುವ ಮಾತನ್ನೂ ಎತ್ತಿದೆ. ನಾಯಿ ಇಟ್ಟುಕೊಳ್ಳಬಹುದು ಅನ್ನುವ ಒಂದು ಮನೆ ನೋಡಿಯೂ ಬಂದೆ. ಅಮ್ಮ ಒಂದು ನಿಮಿಷ ಸುಮ್ಮನಿದ್ದು, "ಬೆಳಗೆದ್ದು ಆಫೀಸ್ಗೆ ಹೋಯ್ತೀಯ, ಅಲ್ಲಿ ಅದುನ್ ಜೊತೆ ಯಾರ್ ಇರ್ತಾರೆ?" ಅಂದರು. ಉತ್ತರ ಇರಲಿಲ್ಲ. ಮನೆ ಓನರ್ರಿಗೆ ಅಡ್ವಾನ್ಸ್ ಕೊಡಲಿಲ್ಲ.

ನಿನ್ನೆ ರಾತ್ರಿ ಫೋನು ಮಾಡಿದ್ದರು. "ಈ ಸಲ ಬರುವಾಗ ಆ ಬಾಚಣ್ಗೆ ಇನ್ನೊಂದ್ ತಗಂಡ್ ಬಾ, ನಿಮ್ಮಪ್ಪ ಬಾಚಿ ಬಾಚಿ ಹಲ್ ಮುರ್ದವ್ರೆ."